ನೆಗ್ಗಿದ ತಪ್ಪಲೆ ಯಾರಿಗೂ ಬೇಡ

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಫೋನಲ್ಲಿ ಒಂದು ಫೋಟೊ ತೋರಿಸಿದ. ಸ್ಟೀಲ್ ಪಾತ್ರೆಗಳನ್ನೇ ಒಂದಕ್ಕೊಂದು ಸೇರಿಸಿ ಕಟ್ಟಿದ ದೈತ್ಯ ತಲೆಬುರುಡೆ. "ಇದೂ ಆರ್ಟಾ ಗುರು? ನಮ್ಮನೆ ಸಜ್ಜಾ ಮೇಲೆ ಇದಕ್ಕಿಂತ ಜಾಸ್ತಿ ಪಾತ್ರೆ ಇದಾವೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದು ಸುಬೋಧ್ ಗುಪ್ತ ಅವರ 'ವೆರಿ ಹಂಗ್ರಿ ಗಾಡ್'. ಗುಪ್ತ ಬಿಹಾರದ ಖಗೌಲ್‌ನವರು, 1964ರಲ್ಲಿ ಹುಟ್ಟಿದವರು. 2006ರಲ್ಲಿ ಪ್ಯಾರಿಸ್ಸಿನ ಚರ್ಚೊಂದರಲ್ಲಿ ಕಾಣಿಸಿಕೊಂಡ ಬುರುಡೆ ಮರುವರ್ಷ ವೆನಿಸ್ಸಿನಲ್ಲಿ, ಫ್ರೆಂಚ್ ಸಿರಿವಂತ ಫ್ರಾನ್ಸ್ವಾ ಪಿನೋ ಅವರ ಮ್ಯೂಸಿಯಂ ಎದುರು, ಕಾಲುವೆಯ ದಂಡೆ ಮೇಲೆ ನಿಂತಿತ್ತು.

"ಇದನ್ನ ನಾನೂ ಮಾಡ್ತಿದ್ದೆ" ಅನ್ನೋ ಜೋಕು ಹಳಸಿ ನೂರು ವರ್ಷ ದಾಟಿದೆ. 1917ರಲ್ಲಿ ಮಾರ್ಸೆಲ್ ಡುಷಾಂಪ್ ಅಂಗಡಿಯಲ್ಲಿ ಸಿಗೋ ಮೂತ್ರದ ಬೇಸಿನ್ನನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದಾಗಲೇ ಆ ಜಗಳ ಶುರುವಾಗಿದೆ. ಅದನ್ನು ಬಿಡಿ. ನನ್ನ ತಕರಾರು ಬೇರೆ: ಆ ಬುರುಡೆಯ ಪಾತ್ರೆಗಳು ಯಾರವು? ಎಷ್ಟು ಝೂಮ್ ಮಾಡಿದರೂ ತಳ ಸೀದ ಒಂದು ಪಾತ್ರೆ ಕಾಣಲಿಲ್ಲ. ನಮ್ಮೂರಲ್ಲಿ ಸ್ಟೀಲ್ ಪಾತ್ರೆ ಅಂದ್ರೆ ಅದರ ಮೇಲೆ ಹೆಸರಿರುತ್ತೆ. ಯಾರ ಮದುವೆಗೆ ಯಾರು ಕೊಟ್ಟಿದ್ದು, ಯಾವ ತಾರೀಕು, ಎಲ್ಲ ಚುಕ್ಕಿ ಚುಕ್ಕಿ ಅಕ್ಷರದಲ್ಲಿ. ಊರವರ ಮನೆಗೆ ಸಾರು ಹೋಗಿ ಖಾಲಿ ಪಾತ್ರೆ ವಾಪಸ್ ಬರುತ್ತಿದ್ದದ್ದೇ ಆ ಹೆಸರಿನಿಂದ. ಮ್ಯೂಸಿಯಂ ಚೀಟಿಯಲ್ಲಿ ಕಲಾವಿದನ ಹೆಸರು, ಇಸವಿ, 'ಸ್ಟೇನ್‌ಲೆಸ್ ಸ್ಟೀಲ್'. ಅಷ್ಟೇ.

ಹೊಳಪೇ ಅದರ ಅರ್ಥ ಅಂತ ವಾದ ಮಾಡಬಹುದು. ಒಪ್ಪಿದೆ. ಮಡಕೆ, ಅಲ್ಯೂಮಿನಿಯಂ ಹೋಗಿ ಸ್ಟೀಲ್ ಬಂದಾಗ ನಮ್ಮಂಥ ಮನೆಗಳಿಗೆ ಅದೊಂದು ಮರ್ಯಾದೆ. ಆದರೆ ಇದೇ ಗುಪ್ತ 'ದಿಸ್ ಈಸ್ ನಾಟ್ ಎ ಫೌಂಟನ್' ಅಂತ ಇನ್ನೊಂದು ಮಾಡಿದಾರೆ, 2011ರಿಂದ 13ರಲ್ಲಿ. ಹಳೇ ಅಲ್ಯೂಮಿನಿಯಂ ಪಾತ್ರೆಗಳ ಗುಡ್ಡೆ, ಮೇಲೆ ನಲ್ಲಿಗಳು, ಹರಿಯೋ ನೀರು. ಅಲ್ಲಿರುವ ಒಂದೊಂದು ನೆಗ್ಗಿಗೂ ಒಂದು ಕೈಯಿದೆ, ಒಂದು ಒಲೆಯಿದೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಅದು. ನಮ್ಮ ವಾಟ್ಸಾಪಿಗೆ ಮಾತ್ರ ಬರೋದು ಬುರುಡೆ. ಯಾಕಂದ್ರೆ ನಮಗೆ ಬೇಕಿರೋದು ಹೊಳಪು. ಅಡುಗೆಮನೆಯಲ್ಲಿ ನಿಂತವಳ ನೆನಪು ಬೇಡ.

'ನಮಗೆ' ಅಂದರೆ ನಾನೂ ಸೇರಿ. ಎರಡು ವರ್ಷದ ಹಿಂದೆ ಊರ ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲಿದ್ದ ಹಿತ್ತಾಳೆ ಕೊಪ್ಪರಿಗೆಯನ್ನು ಕಾರಿಗೆ ಹಾಕಿಕೊಂಡೆ. ಅವ್ವ ದಿನಾ ಒಲೆಗಿಡುತ್ತಿದ್ದ, ಸೊಟ್ಟಗಾಗಿದ್ದ ಅಲ್ಯೂಮಿನಿಯಂ ತಪ್ಪಲೆಯನ್ನು ಗುಜರಿಯವನ ತಕ್ಕಡಿಗೆ ಹಾಕಿದೆ. "ಅದ್ರಲ್ಲೇ ಕಣ್ಲಾ ನೀನು ಉಂಡು ಬೆಳ್ದಿದ್ದು" ಅಂದಳು. "ಬುಡವ್ವ, ಹೊಸದು ತಕ್ಕೊಡ್ತೀನಿ" ಅಂದೆ.

ಈಗ ನಮ್ಮ ಫ್ಲಾಟಿನ ಹಾಲಲ್ಲಿ ಕೊಪ್ಪರಿಗೆ ಇದೆ, ಅದರಲ್ಲಿ ಮನಿ ಪ್ಲಾಂಟ್. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸ್ಕೋತಾರೆ, 'ಎಷ್ಟು ಎಥ್ನಿಕ್' ಅಂತಾರೆ. ನಾನೂ ಮುಖ ಅರಳಿಸಿಕೊಂಡು "ನಮ್ಮವ್ವಂದು" ಅಂತೀನಿ. ಸುಳ್ಳು. ಅದರಲ್ಲಿ ಅವ್ವ ಒಂದು ದಿನವೂ ಅಡುಗೆ ಮಾಡಿಲ್ಲ, ಊರಿನ ದೊಡ್ಡ ಕೆಲಸಗಳಿಗೆ ಯಾರೋ ಕೇಳಿಕೊಂಡು ಒಯ್ಯುತ್ತಿದ್ದದ್ದು.

ಸಂಕ್ರಾಂತಿಗೆ ಅವ್ವ ಬಂದಿದ್ದಳು. ಕೊಪ್ಪರಿಗೆಯೊಳಗೆ ಬಗ್ಗಿ ಮಣ್ಣು ನೋಡಿದಳು, ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಒಂದೊಂದೇ ಕಬೋರ್ಡು ತೆಗೆದಳು.

"ತಪ್ಪಲೆ ಎಲ್ಲಿಟ್ಟಿದ್ದೀಯೋ?" ಅಂದಳು.