ಗುಜರಿಯ ಕುರ್ಚಿ, ನಾವು ತೆಗೆಯದ ಅಳತೆ

ಊರಲ್ಲಿ ನಾವು ಗುಜರಿ ಎನ್ನುವುದನ್ನು ಸೋಲಾಪುರದ ಮರಾಠಿಯಲ್ಲಿ ‘ಭಂಗಾರ್’ ಎನ್ನುತ್ತಾರೆ. ಸಣ್ಣವನಿದ್ದಾಗ ಅದು ನನ್ನ ಕಿವಿಗೆ ‘ಬಂಗಾರ’ ಎಂದೇ ಬೀಳುತ್ತಿತ್ತು. ಗುಜರಿ ವ್ಯಾಪಾರದಲ್ಲೇ ಮನೆ ಕಟ್ಟಿದ, ಹೆಣ್ಣುಮಕ್ಕಳ ಮದುವೆ ಮುಗಿಸಿದ ಬ್ಯಾರಿಗಳು ಎಷ್ಟೋ ಮಂದಿ ಇರುವಾಗ ಅದು ಅಂಥ ದೊಡ್ಡ ತಪ್ಪೇನಲ್ಲ. ಈ ಬರಹ ಗುಜರಿಯಿಂದ ನಾನು ಮಾಡಿದ ಒಂದು ಕುರ್ಚಿಯ ಬಗ್ಗೆ, ಅದನ್ನು ಮಾಡುವಾಗ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಆ ತಪ್ಪು ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ನಡೆಯುತ್ತಿದೆ ಎಂದು ಅನಿಸಿದ್ದರಿಂದ ಬರೆಯುತ್ತಿದ್ದೇನೆ.

ಬಾಪ ಬಂಟ್ವಾಳದ ಕಡೆಯಿಂದ ಅಕ್ಕಲಕೋಟಕ್ಕೆ ಬಂದು, ಸ್ವಾಮಿ ಸಮರ್ಥರ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಬ್ಯಾಗು, ಆಟಿಕೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟವರು. ಸುತ್ತಲಿನ ಹಳ್ಳಿಗಳಿಂದ ಬರುವ ಗಿರಾಕಿಗಳು ಕನ್ನಡದಲ್ಲೇ ಚೌಕಾಸಿ ಮಾಡುವುದರಿಂದ ಅವರಿಗೆ ಪರವೂರು ಅನಿಸಲಿಲ್ಲವಂತೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ, ಮಗ್ಗದ ಬಿಡಿಭಾಗ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪಿಗೆ ಸೇರಿದೆ. 2019ರಲ್ಲಿ ತಂಗಿ ಸ್ಕೂಟರಿನಿಂದ ಬಿದ್ದಳು. ಬೆನ್ನುಹುರಿಗೆ ಏಟು. ಸೊಂಟದ ಕೆಳಗೆ ಚಲನೆಯೂ ಇಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ. ಆಗ ಅವಳಿಗೆ ಹದಿನೇಳು ವರ್ಷ.

ಸಂಬಂಧಿಕರು ಊರಿಂದ ಬಸ್ಸು ಹತ್ತಿ ಬಂದರು. ಅತ್ತರು, ದುಆ ಮಾಡಿದರು, ಆಸ್ಪತ್ರೆ ಖರ್ಚಿಗೆ ಕೈಲಾದಷ್ಟು ಕೊಟ್ಟರು. ಅದನ್ನು ನಾವು ಮರೆಯುವವರಲ್ಲ. ಆದರೆ ಬಂದವರೆಲ್ಲ ಮಾತಾಡಿದ್ದು ಉಮ್ಮನ ಹತ್ತಿರ, ಬಾಪನ ಹತ್ತಿರ, ನನ್ನ ಹತ್ತಿರ. ‘ನಿನಗೇನು ಬೇಕು ಮಗಳೇ’ ಎಂದು ಅವಳನ್ನೇ ಕೇಳಿದವರ ನೆನಪು ನನಗಿಲ್ಲ. ನಾನೂ ಕೇಳಲಿಲ್ಲ. ಅಂಗಡಿಯ ಗಲ್ಲೆಯ ಹಿಂದೆ ಅವಳ ಗಾಲಿಕುರ್ಚಿಗೆ ಒಂದು ಮೂಲೆ ಮಾಡಿಕೊಟ್ಟು, ಒಳ್ಳೆಯ ಕೆಲಸ ಮಾಡಿದೆವು ಎಂದುಕೊಂಡೆವು.

2021ರ ಆಗಸ್ಟ್ 30ರಂದು ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಜೈಪುರದ ಅವನಿ ಲೇಖರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. 2012ರಲ್ಲಿ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದಿದ್ದ ಹುಡುಗಿ. ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ. ತಂಗಿ ಆ ವೀಡಿಯೊವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದಳೋ! ಒಂದು ರಾತ್ರಿ ಊಟದ ಹೊತ್ತಿಗೆ, ‘ನಾನೂ ಕಲಿಯುತ್ತೇನೆ’ ಎಂದಳು.

ಮನೆ ಸ್ತಬ್ಧವಾಯಿತು. ‘ನಮ್ಮಂಥ ಹೆಸರಿನವರ ಮನೆಯಲ್ಲಿ ಬಂದೂಕಿನ ಮಾತೇ ಬೇಡ’ ಎಂದರು ಉಮ್ಮ. ಈ ಭಯವನ್ನು ಓದುಗರಿಗೆ ನಾನು ವಿವರಿಸಬೇಕಿಲ್ಲ. ಬಾಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಅಕ್ಕಲಕೋಟದ ರಾಜವಾಡೆಯ ಶಸ್ತ್ರಾಗಾರವನ್ನು ನೋಡಲು ನಮ್ಮಿಬ್ಬರನ್ನು ಕರೆದೊಯ್ಯುತ್ತಿದ್ದುದನ್ನು ನೆನೆಸಿಕೊಂಡು, ‘ಆಗಲೂ ಇವಳು ಬಂದೂಕಿನ ಮುಂದಿನಿಂದ ಕದಲುತ್ತಿರಲಿಲ್ಲ’ ಎಂದರು. ಒಪ್ಪಿಗೆ ಸಿಕ್ಕಿತು ಎಂದು ನಾವು ಅರ್ಥ ಮಾಡಿಕೊಂಡೆವು. ರೈಫಲ್ ರೇಂಜಿನಲ್ಲೇ ಇರುತ್ತದೆ, ಮನೆಗೆ ಬರುವುದಿಲ್ಲ ಎಂಬ ಮಾತಿನ ಮೇಲೆ ಉಮ್ಮನೂ ಒಪ್ಪಿದರು.

ಮೊದಲ ದಿನವೇ ತೊಂದರೆ ಗೊತ್ತಾಯಿತು. ಅವಳ ಗಾಲಿಕುರ್ಚಿಯ ಕೈಗಳು ರೈಫಲ್ ಹಿಡಿಯುವ ಮೊಣಕೈಗೆ ಅಡ್ಡ. ಬಟ್ಟೆಯ ಸೀಟು ಜೋತು ಬಿದ್ದು, ಉಸಿರಾಡಿದರೂ ಮೈ ಅಲುಗುತ್ತದೆ. ಈ ಆಟದಲ್ಲಿ ಅಲುಗಾಟ ಎಂದರೆ ಏನು ಎಂಬ ಲೆಕ್ಕ ಹೇಳುತ್ತೇನೆ. 10 ಮೀಟರ್ ಏರ್ ರೈಫಲ್ ಗುರಿಯ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಕಣ್ಣಿನ ಬಳಿಯ ಗುರಿಗಿಂಡಿಗೂ ಮುಂದಿನದಕ್ಕೂ 80 ಸೆಂಟಿಮೀಟರ್ ಅಂತರ ಇದೆ ಎಂದುಕೊಳ್ಳಿ. ಮುಂದಿನದು ಒಂದೇ ಮಿಲಿಮೀಟರ್ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 12.5 ಮಿಲಿಮೀಟರ್ ಆಚೆ ಬೀಳುತ್ತದೆ. ಹತ್ತು ಬರಬೇಕಾದಲ್ಲಿ ಆರೋ ಐದೋ ಬರುತ್ತದೆ.

ಗಟ್ಟಿ ಕುರ್ಚಿ ನಾನೇ ಮಾಡುತ್ತೇನೆ ಎಂದೆ. ಬಾಪನ ಅಂಗಡಿಯ ತುಕ್ಕು ಹಿಡಿದ ಹಳೆಯ ರ‍್ಯಾಕಿನ ಆ್ಯಂಗಲ್, ಗುಜರಿಯಲ್ಲಿ ಸಿಕ್ಕ ಚೌಕ ಪೈಪು ಸೇರಿಸಿ ಚೌಕಟ್ಟು ವೆಲ್ಡ್ ಮಾಡಿದೆ. ಸೋಲಾಪುರದಲ್ಲಿ ಹಳೆಯ ಮಗ್ಗಗಳ ಕಬ್ಬಿಣಕ್ಕೆ ಬರವಿಲ್ಲ. ಆದರೆ ಅದು ಹೆಚ್ಚಾಗಿ ಬೀಡು ಕಬ್ಬಿಣ, ಸಾಮಾನ್ಯ ವೆಲ್ಡಿಂಗ್ ಮಾಡಿದರೆ ಬಿರುಕು ಬಿಡುತ್ತದೆ. ಹಾಗಾಗಿ ಮಗ್ಗದ ಒಂದು ಗಾಲಿಯನ್ನು ಕುರ್ಚಿಯ ತಳಕ್ಕೆ ಬೋಲ್ಟಿನಿಂದ ಕಟ್ಟಿದೆ, ಭಾರಕ್ಕೆ. ನಾಲ್ಕು ಕಾಲಿಗೂ 12 ಮಿಲಿಮೀಟರಿನ ಬೋಲ್ಟು ಕೂರಿಸಿದೆ. ಒಂದು ಸುತ್ತು ತಿರುಗಿಸಿದರೆ 1.75 ಮಿಲಿಮೀಟರ್ ಏರುತ್ತದೆ, ನೆಲ ಏರುಪೇರಾಗಿದ್ದರೂ ಕುರ್ಚಿ ಕುಂಟುವುದಿಲ್ಲ. ಮೇಲೆ ಸ್ಕೂಟರಿನ ಹಳೆಯ ಸ್ಪಂಜು, ಅದಕ್ಕೆ ಸೋಲಾಪುರ ಚಾದರದ ಹೊದಿಕೆ. ವರ್ಕ್‌ಶಾಪಿನವರೆಲ್ಲ ಬಂದು ಕೂತು ನೋಡಿ ಹೊಗಳಿದರು. ನನಗೂ ಹೆಮ್ಮೆ.

ಎಂಟು ದಿನಕ್ಕೆ ತಂಗಿಗೆ ಜ್ವರ ಬಂತು. ಸ್ಪಂಜು ಕುಸಿದು ಅಡಿಯ ಆ್ಯಂಗಲಿನ ಅಂಚು ತೊಡೆಯ ಹಿಂಭಾಗಕ್ಕೆ ಒತ್ತುತ್ತಿತ್ತು. ಅಲ್ಲಿ ಅವಳಿಗೆ ನೋವೇ ತಿಳಿಯುವುದಿಲ್ಲ. ನಾವು ನೋಡುವಾಗ ಗಾಯ ಆಳಕ್ಕೆ ಇಳಿದಾಗಿತ್ತು. ಡಾಕ್ಟರು ಒತ್ತಡದ ಹುಣ್ಣು ಎಂದರು. ಎರಡು ತಿಂಗಳು ಬೋರಲು ಮಲಗಿದಳು. ವರ್ಕ್‌ಶಾಪಿನಲ್ಲಿ ಕೂತು ನೋಡಿದವರೆಲ್ಲ ಕಾಲಿನಲ್ಲಿ ಸ್ಪರ್ಶ ಇರುವವರು. ಕೂರಬೇಕಾದವಳನ್ನು ಕೂರಿಸಿ ಒಂದು ಅಳತೆಯನ್ನೂ ನಾನು ತೆಗೆದಿರಲಿಲ್ಲ. ಮಗ್ಗದ ಒಂದು ಶಾಫ್ಟಿಗೆ ವರ್ನಿಯರ್ ಹಿಡಿದು ಮೂರು ಸಲ ಅಳೆಯುವವನು ತಂಗಿಯ ವಿಷಯದಲ್ಲಿ ಅಂದಾಜಿನಲ್ಲಿ ಕೆಲಸ ಮಾಡಿದ್ದೆ. ಯಾಕೆ? ಪ್ರೀತಿಯಿಂದ ಮಾಡುತ್ತಿದ್ದೇನೆ, ಅಷ್ಟು ಸಾಕು ಎಂಬ ಭಾವನೆ ನನ್ನಲ್ಲಿತ್ತು.

ಎರಡನೇ ಕುರ್ಚಿಗೆ ಮೊದಲು ಅವಳ ಹತ್ತಿರ ಕೂತೆ. ನೋಟ್‌ಬುಕ್ಕಿನಲ್ಲಿ ಅವಳೇ ಬರೆದಳು. ಸೊಂಟದ ಅಗಲ ಎಷ್ಟು, ಮಂಡಿಯ ಹಿಂಭಾಗದಿಂದ ಬೆನ್ನಿಗೆ ಎಷ್ಟು, ಪಾದದಿಂದ ಮಂಡಿಗೆ ಎಷ್ಟು. ಗಾಲಿಕುರ್ಚಿಯ ಎತ್ತರಕ್ಕೇ ಸೀಟು ಇರಬೇಕು, ಆಗ ಯಾರೂ ಎತ್ತದೆ ತಾನೇ ಜಾರಿ ಕೂರಬಹುದು ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಈ ಸ್ಪರ್ಧೆಯಲ್ಲಿ ಮುಂಡದ ಮೇಲೆ ಎಷ್ಟು ಹಿಡಿತ ಇದೆ ಎಂದು ನೋಡಿ ಬೆನ್ನೊರಗು ಎಷ್ಟು ಎತ್ತರ ಇರಬಹುದು ಎಂದು ನಿಯಮವೇ ಇದೆ. ಫಿಸಿಯೊಥೆರಪಿಸ್ಟರನ್ನು ಕೇಳಿ ಅದನ್ನೂ ಹೊಂದಿಸಿದೆವು. ಅಂಚುಗಳನ್ನೆಲ್ಲ ಗ್ರೈಂಡರಿನಲ್ಲಿ ಉರುಟು ಮಾಡಿದೆ. ಮೆತ್ತೆ ಮಾತ್ರ ಗುಜರಿಯದ್ದಲ್ಲ, ಗಾಳಿ ತುಂಬುವ ವೈದ್ಯಕೀಯ ಮೆತ್ತೆಯನ್ನು ದುಡ್ಡು ಕೊಟ್ಟೇ ತಂದೆವು. ಸ್ಪರ್ಧೆಯಲ್ಲಿ 60 ಗುಂಡಿಗೆ ಒಂದೂಕಾಲು ಗಂಟೆ ಇರುತ್ತದೆ. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಕೂರಬಾರದು ಎಂದು ಅವಳು ಹದಿನೈದು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತುತ್ತಾಳೆ. ಈಗ ಹುಣ್ಣಿಲ್ಲ. ಪದಕವೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಾರಕ್ಕೆ ಮೂರು ದಿನ ಹೋಗುತ್ತಾಳೆ. ರೇಂಜಿನ ಬಾಗಿಲಿಗೆ ಮೂರು ಮೆಟ್ಟಿಲಿವೆ. ಅದಕ್ಕೂ ಒಂದು ಮಡಚುವ ಇಳಿಜಾರು ಹಲಗೆ ಮಾಡಿಟ್ಟಿದ್ದೇನೆ.

‘ಬಂದೂಕು ಯಾಕೆ? ಟೈಲರಿಂಗ್ ಕಲಿಸಬಹುದಿತ್ತಲ್ಲ’ ಎಂದು ಹಲವರು ಕೇಳಿದರು. ಟೈಲರಿಂಗ್ ಒಳ್ಳೆಯ ಕೆಲಸವೇ. ಆದರೆ ಅದು ಅವಳಿಗೆ ಬೇಕಾಗಿರಲಿಲ್ಲ. ಗಂಡು ಮಗ ಕ್ರಿಕೆಟ್ ಆಡುತ್ತೇನೆ ಎಂದಾಗ ನಾವು ಈ ಪ್ರಶ್ನೆ ಕೇಳುವುದಿಲ್ಲ. ನಡೆಯಲಾಗದ ಹುಡುಗಿ ಏನನ್ನಾದರೂ ಇಷ್ಟಪಟ್ಟರೆ ಮಾತ್ರ ಅದರ ಉಪಯೋಗ ಏನು ಎಂದು ವಿಚಾರಿಸುತ್ತೇವೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದ ಜಬಲ್ಪುರದ ರುಬಿನಾ ಫ್ರಾನ್ಸಿಸ್ ಒಬ್ಬ ಮೋಟಾರು ಮೆಕ್ಯಾನಿಕರ ಮಗಳು. ಟೋಕಿಯೊದಲ್ಲಿ ನಾಲ್ಕನೆಯವರಾದ ಸ್ವರೂಪ್ ಉನ್ಹಾಳ್ಕರ್ ನಮ್ಮ ಪಕ್ಕದ ಕೊಲ್ಹಾಪುರದವರು. ಪ್ಯಾರಿಸ್‌ನಲ್ಲಿ ಸ್ಪರ್ಧಿಸಿದ ಶ್ರೀಹರ್ಷ ದೇವರಡ್ಡಿ ಹುಬ್ಬಳ್ಳಿಯವರು. ಇವರ ಮನೆಗಳಲ್ಲೂ ಯಾರೋ ಮೊದಲು ‘ಯಾಕೆ’ ಎಂದಿರಬಹುದು, ಆಮೇಲೆ ಯಾರೋ ‘ಆಯ್ತು’ ಎಂದಿರಲೇಬೇಕು.

ಕೊಡುವುದರಲ್ಲಿ ನಮ್ಮ ಸಮುದಾಯ ಯಾರಿಗೂ ಕಡಿಮೆ ಇಲ್ಲ. ಒಂದು ವಾಟ್ಸ್‌ಆ್ಯಪ್ ಸಂದೇಶಕ್ಕೆ ಆಪರೇಷನ್ನಿನ ಹಣ ಒಟ್ಟಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ಮನುಷ್ಯ ಎಲ್ಲಿ ಕೂರುತ್ತಾನೆ, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ, ಮದುವೆ ಹಾಲಿನ ಮೆಟ್ಟಿಲು ಹೇಗೆ ಹತ್ತುತ್ತಾನೆ ಎಂದು ಟೇಪು ಹಿಡಿದು ಹೋದವರು ಎಷ್ಟು ಮಂದಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕನ್ನೂ ಹೇಳುತ್ತದೆ. ಕಾಯ್ದೆ ಸರಕಾರವನ್ನು ಬಗ್ಗಿಸಬಹುದು, ನಮ್ಮ ಮನೆಯ ಹೊಸ್ತಿಲನ್ನು ನಾವೇ ಇಳಿಸಬೇಕು.

ನಮ್ಮಲ್ಲಿ ವೆಲ್ಡರುಗಳಿದ್ದಾರೆ, ಬಡಗಿಗಳಿದ್ದಾರೆ, ಗ್ಯಾರೇಜಿನವರಿದ್ದಾರೆ, ಗಲ್ಫಿನಲ್ಲಿ ಫ್ಯಾಬ್ರಿಕೇಷನ್ ಮಾಡಿ ಬಂದವರಿದ್ದಾರೆ. ಗುಜರಿಯಂತೂ ನಮ್ಮದೇ. ಒಂದೊಂದು ಜಮಾಅತಿನಲ್ಲಿ ಇಬ್ಬರು ಮೂವರು ತಿಂಗಳಿಗೆ ಒಂದು ಭಾನುವಾರ ಇಂಥ ಒಂದು ಮನೆಗೆ ಹೋದರೆ ಸಾಕು. ಕೈಯಲ್ಲಿ ಒಂದು ಟೇಪು, ಒಂದು ನೋಟ್‌ಬುಕ್ಕು ಇರಲಿ. ಉಮ್ಮನ ಹತ್ತಿರ ಸಲಾಂ ಹೇಳಿ, ಮಾತು ಮಾತ್ರ ಕುರ್ಚಿಯಲ್ಲಿ ಕೂತವರ ಹತ್ತಿರವೇ ಆಡಿ. ಮೈಗೆ ತಾಗುವ ವಸ್ತುವಾದರೆ ಡಾಕ್ಟರನ್ನೋ ಫಿಸಿಯೊಥೆರಪಿಸ್ಟರನ್ನೋ ಕೇಳದೆ ವೆಲ್ಡಿಂಗ್ ಶುರು ಮಾಡಬೇಡಿ. ನನ್ನ ಮೊದಲ ಕುರ್ಚಿಯ ಕಥೆ ನಿಮಗೆ ಗೊತ್ತಾಯಿತಲ್ಲ.

ಆ ಮೊದಲ ಕುರ್ಚಿಯನ್ನು ನಾನು ಕತ್ತರಿಸಿ ಗುಜರಿಗೆ ಹಾಕಲು ಹೊರಟಿದ್ದೆ. ತಂಗಿ ಬಿಡಲಿಲ್ಲ. ಸ್ಪಂಜು ತೆಗೆದು, ಮೇಲೆ ಹಲಗೆ ಹಾಕಿ ಅಂಗಡಿಯಲ್ಲಿ ಇಟ್ಟಿದ್ದಾಳೆ. ಬಾಪ ಈಗ ಅದರ ಮೇಲೆ ಬ್ಯಾಗುಗಳನ್ನು ಜೋಡಿಸುತ್ತಾರೆ.