ಮಂಡೆಗೆ ಪೆಟ್ಟು ಬಿದ್ದವನನ್ನೇ ಕೇಳುವುದೇ?

ಕೆಲವು ವರ್ಷಗಳ ಹಿಂದಿನ ಮಾತು. ವಿಟ್ಲ ಪೇಟೆಯಿಂದ ಸ್ವಲ್ಪ ಒಳಗೆ, ಶಾಲೆಯೊಂದರ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ರಾತ್ರಿ ಒಂದೂವರೆ ದಾಟಿತ್ತು, ಸೆಮಿಫೈನಲ್ ನಡೆಯುತ್ತಿತ್ತು. ರೈಡಿಗೆ ಹೋದ ಹುಡುಗನ ಕಾಲನ್ನು ಮೂಲೆಯವನು ಹಿಡಿದ, ಉಳಿದವರು ಮೇಲೆ ಬಿದ್ದರು. ಶಿಳ್ಳೆ ಊದಿದ ಮೇಲೆ ಎಲ್ಲರೂ ಎದ್ದರು, ಅವನೊಬ್ಬ ಏಳಲಿಲ್ಲ. ಯಾರದೋ ಮೊಣಕಾಲು ಅವನ ಕಿವಿಯ ಮೇಲ್ಗಡೆ ಬಡಿದಿತ್ತು. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ನೀರು ಎರಚಿದರು, ಕುತ್ತಿಗೆ ತಿಕ್ಕಿದರು, ಎಬ್ಬಿಸಿ ಕೂರಿಸಿದರು. ಕ್ಯಾಪ್ಟನ್ ಬಗ್ಗಿ ತುಳುವಿನಲ್ಲಿ ಒಂದೇ ಮಾತು ಕೇಳಿದ, ಆಡುತ್ತೀಯಾ ಎಂದು. ಹುಡುಗ ತಲೆಯಾಡಿಸಿದ. ಮೈಕಿನವರು ಅವನನ್ನು ಗಂಡುಗಲಿ ಎಂದು ಕರೆದರು. ಗ್ಯಾಲರಿ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ.

ಔಟಾದ ಅವನು ಹೊರಗೆ ಕೂತ. ಎರಡು ಮೂರು ನಿಮಿಷದಲ್ಲಿ ಅವನ ತಂಡಕ್ಕೆ ಅಂಕ ಬಂತು, ಅವನು ಮತ್ತೆ ಒಳಗೆ ಬಂದ. ಕೊನೆಗೆ ಗೆಲುವಿನ ಅಂಕ ತಂದದ್ದೂ ಅವನೇ. ಮರುದಿನ ಬೆಳಿಗ್ಗೆ ಅವನಿಗೆ ಆ ಅಂಕ ನೆನಪಿರಲಿಲ್ಲ. ಗೆಳೆಯರ ಮೊಬೈಲಿನಲ್ಲಿ ತನ್ನದೇ ರೈಡನ್ನು ಬೇರೆಯವನದನ್ನು ನೋಡುವಂತೆ ನೋಡಿದನಂತೆ. ನಾಲ್ಕೈದು ದಿನ ಬಿಸಿಲಿಗೆ ಬಂದರೆ ವಾಂತಿ ಬರುವ ಹಾಗಾಗುತ್ತಿತ್ತು. ಆಮೇಲೆ ಸರಿಯಾದ. ಅವನು ಸರಿಯಾದ ಎಂಬುದು ನಮ್ಮ ಅದೃಷ್ಟವೇ ಹೊರತು ನಾವು ಮಾಡಿದ್ದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ.

ಅಂದಿನಿಂದ ಆ ಕ್ಯಾಪ್ಟನ್‌ನ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವನು ಕೆಟ್ಟವನಲ್ಲ, ಹುಡುಗನ ಮೇಲೆ ಪ್ರೀತಿಯಿದ್ದವನು. ಪ್ರಶ್ನೆಯಲ್ಲಿ ಗೌರವವೂ ಇತ್ತು. ಆದರೂ ಅದು ಕೇಳಬಾರದ ಪ್ರಶ್ನೆ.

ಕಾಲು ಉಳುಕಿದವನನ್ನು ಆಡುತ್ತೀಯಾ ಎಂದು ಕೇಳಬಹುದು. ಉತ್ತರ ಹೇಳುವುದು ಮಂಡೆ, ನೋಯುವುದು ಕಾಲು. ಒಂದು ಇನ್ನೊಂದರ ಬಗ್ಗೆ ಸಾಕ್ಷಿ ಹೇಳಬಲ್ಲದು. ಮಂಡೆಗೇ ಪೆಟ್ಟು ಬಿದ್ದಾಗ ಸಾಕ್ಷಿ ಹೇಳಬೇಕಾದದ್ದೇ ಕದಡಿರುತ್ತದೆ. ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆತ್ತನೆಯ ಅಂಗ. ತಲೆ ಥಟ್ಟನೆ ಅಲುಗಿದಾಗ, ತಿರುಚಿದಾಗ, ಒಳಗಿನ ನರತಂತುಗಳು ಎಳೆತಕ್ಕೆ ಸಿಗುತ್ತವೆ. ಬುರುಡೆ ಒಡೆಯಬೇಕಿಲ್ಲ, ರಕ್ತ ಬರಬೇಕಿಲ್ಲ, ಎಚ್ಚರ ತಪ್ಪಲೂ ಬೇಕಿಲ್ಲ. ಸ್ಕ್ಯಾನ್ ಮಾಡಿದರೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಡಾಕ್ಟರರು ಕನ್ಕಷನ್ ಅನ್ನುವುದು ಇದಕ್ಕೆ. ನಮ್ಮ ಆಡುಮಾತಿನಲ್ಲಿ ಇದಕ್ಕೊಂದು ಪ್ರತ್ಯೇಕ ಹೆಸರಿಲ್ಲ. ಚಿಂತೆ ಹೆಚ್ಚಾದರೆ ಹೇಳಲು ಮಂಡೆಬೆಚ್ಚ ಎಂಬ ಒಳ್ಳೆಯ ಮಾತಿದೆ. ಪೆಟ್ಟು ತಿಂದು ಒಳಗೆ ಕುಲುಕಿದ ಮಂಡೆಗೆ ಮಾತ್ರ ‘ಕಣ್ಣು ಕತ್ತಲೆ ಬಂತು’ ಎಂದು ಹೇಳಿ ಮುಗಿಸುತ್ತೇವೆ.

ತೋಟದ ನಾಡಿನವರಾದ ನಮಗೆ ತಲೆಯ ಪೆಟ್ಟು ಗೊತ್ತಿಲ್ಲದ ವಿಷಯವೇನಲ್ಲ. ಅಡಿಕೆ ಮರದಿಂದ ಬಿದ್ದವನನ್ನು ಯಾರೂ ಮತ್ತೆ ಹತ್ತುತ್ತೀಯಾ ಎಂದು ಕೇಳುವುದಿಲ್ಲ. ಅವನು ಬೇಡವೆಂದರೂ ಜೀಪಿಗೆ ಹಾಕಿ ಪುತ್ತೂರಿಗೋ ಮಂಗಳೂರಿಗೋ ಒಯ್ಯುತ್ತೇವೆ. ಅದೇ ಊರಿನ ಅದೇ ಜನ, ರಾತ್ರಿ ಮ್ಯಾಟಿನ ಹತ್ತಿರ ನಿಂತಾಗ ಮಾತ್ರ, ತೂರಾಡುತ್ತ ಎದ್ದವನಿಗೆ ಚಪ್ಪಾಳೆ ಹೊಡೆಯುತ್ತೇವೆ.

ಈ ತಪ್ಪು ನಮ್ಮದು ಮಾತ್ರ ಅಲ್ಲ. 2014ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಎದುರಾಳಿಯ ಹೆಗಲಿಗೆ ಮುಖ ಬಡಿದು ಬಿದ್ದ. ಎದ್ದ, ಆಡಿದ. ಸ್ವಲ್ಪ ಹೊತ್ತಿನ ಮೇಲೆ ರೆಫ್ರಿಯ ಹತ್ತಿರ ಬಂದು, ಇದು ಫೈನಲ್ಲೇ ಅಲ್ಲವೇ ಎಂದು ಕೇಳಿದ. ರೆಫ್ರಿ ಮೊದಲು ತಮಾಷೆ ಅಂದುಕೊಂಡರಂತೆ. ಅವನನ್ನು ಹೊರಗೆ ಕರೆದದ್ದು 31ನೇ ನಿಮಿಷದಲ್ಲಿ. ಕೋಟಿಗಟ್ಟಲೆ ಜನ ನೋಡುತ್ತಿದ್ದ, ಪರಿಣತ ವೈದ್ಯರು ಪಕ್ಕದಲ್ಲೇ ಇದ್ದ ಪಂದ್ಯ ಅದು. ಅಲ್ಲಿ ಹೀಗಾದ ಮೇಲೆ ನಮ್ಮ ಶಾಲಾ ಮೈದಾನದ ಕ್ಯಾಪ್ಟನ್‌ನನ್ನು ದೂರಲು ನನಗೆ ಮನಸ್ಸಿಲ್ಲ. ವ್ಯವಸ್ಥೆ ಇಲ್ಲದಿರುವಲ್ಲಿ ವ್ಯಕ್ತಿಯ ಒಳ್ಳೆಯತನ ಸಾಲುವುದಿಲ್ಲ.

ಅಂಥ ವ್ಯವಸ್ಥೆ ಸುಲಭವಾಗಿ ಹುಟ್ಟುವುದಿಲ್ಲ ಎಂಬುದಕ್ಕೆ ಅಮೆರಿಕದ ಫುಟ್‌ಬಾಲ್ ಸಾಕ್ಷಿ. ಅದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಚೆಂಡು ಹಿಡಿದು ಓಡುವವನನ್ನು ಅಡ್ಡಗಟ್ಟಿ, ತಬ್ಬಿ, ಕೆಡವುವ ಆಟ. ಆ ಲೆಕ್ಕದಲ್ಲಿ ನಮ್ಮ ಕಬಡ್ಡಿಯೇ ಅದಕ್ಕೆ ಹತ್ತಿರದ ನೆಂಟ. ಅಲ್ಲಿ 2002ರಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರ ಐವತ್ತನೇ ವಯಸ್ಸಿಗೆ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ನೆನಪು ಕೆಟ್ಟು, ಮನೆ ಬಿಟ್ಟು, ವಾಹನದಲ್ಲಿ ಮಲಗುತ್ತಿದ್ದವನು. ಶವಪರೀಕ್ಷೆ ಮಾಡಿದ ಬೆನೆಟ್ ಒಮಾಲು ಎಂಬ ನೈಜೀರಿಯಾ ಮೂಲದ ವೈದ್ಯರು, ಹಳೆಯ ಬಾಕ್ಸರ್‌ಗಳ ಮಿದುಳಿನಲ್ಲಿ ಕಂಡಿದ್ದ ಹಾನಿ ಇವನ ಮಿದುಳಿನಲ್ಲೂ ಇದೆ ಎಂದು ತೋರಿಸಿದರು. 2005ರಲ್ಲಿ ಅವರ ಲೇಖನ ಬಂದಾಗ ಆ ಆಟ ನಡೆಸುವ ಲೀಗಿನ ವೈದ್ಯರೇ ಅದನ್ನು ಹಿಂದೆಗೆಯಬೇಕೆಂದು ಹಟ ಹಿಡಿದರು. ಹತ್ತು ವರ್ಷ ಕಳೆಯುವುದರೊಳಗೆ ಸಾವಿರಾರು ಮಾಜಿ ಆಟಗಾರರು ಮೊಕದ್ದಮೆ ಹೂಡಿ, ಲೀಗು ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರಕ್ಕೆ ಒಪ್ಪಬೇಕಾಯಿತು. ತಲೆ ತಗ್ಗಿಸಿ ಹೆಲ್ಮೆಟಿನಿಂದ ಗುದ್ದುವುದು ತಪ್ಪು ಎಂಬ ನಿಯಮ 2018ರಲ್ಲಿ ಬಂತು. ಮೈದಾನದ ಅಂಚಿನಲ್ಲಿ ತಂಡಕ್ಕೆ ಸೇರದ ನರರೋಗ ತಜ್ಞರನ್ನು ನಿಲ್ಲಿಸುವ ಕ್ರಮ ಅದಕ್ಕೂ ಮೊದಲೇ ಬಂದಿತ್ತು.

ಅಷ್ಟಾದರೂ ಆದದ್ದೇನು ನೋಡಿ. 2022ರ ಸೆಪ್ಟೆಂಬರ್ 25ರಂದು ಮಯಾಮಿ ತಂಡದ ಟುವಾ ಟಗೊವೈಲೋವಾ ತಲೆ ನೆಲಕ್ಕೆ ಬಡಿದು, ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಮುಗ್ಗರಿಸಿದ. ಬೆನ್ನು ನೋವು ಎಂದು ಹೇಳಲಾಯಿತು. ದ್ವಿತೀಯಾರ್ಧಕ್ಕೆ ಮತ್ತೆ ಆಡಿದ. ನಾಲ್ಕೇ ದಿನದ ನಂತರ ಇನ್ನೊಂದು ಪಂದ್ಯದಲ್ಲಿ ಬಿದ್ದಾಗ ಅವನ ಬೆರಳುಗಳು ಸೆಟೆದು ಸೊಟ್ಟಗಾದದ್ದನ್ನು ಟಿವಿಯಲ್ಲಿ ದೇಶವೇ ನೋಡಿತು. ಹದಿನೈದು ದಿನದೊಳಗೆ ನಿಯಮ ಬದಲಾಯಿತು: ತೂರಾಡಿದವನಿಗೆ ಅಂದು ಆಟವಿಲ್ಲ, ಕಾರಣ ಏನೇ ಹೇಳಲಿ. ನನಗೆ ಮುಖ್ಯವೆನಿಸುವುದು ಆ ಕೊನೆಯ ತುಂಡು. ಆಟಗಾರ ಹೇಳುವ ಕಾರಣವನ್ನು ಲೆಕ್ಕದಿಂದಲೇ ತೆಗೆದುಹಾಕಿದರು.

ಆಟಗಾರ ಸುಳ್ಳು ಹೇಳುತ್ತಾನೆ ಎಂದು ನಾನು ಹೇಳುತ್ತಿಲ್ಲ. ನಿಜ ಹೇಳಿದವನಿಗೆ ಆಗುವ ನಷ್ಟವನ್ನೂ ನೋಡಬೇಕು. 2021ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮಿನ ನೆಟ್ಸ್‌ನಲ್ಲಿ ಸಿರಾಜ್ ಎಸೆದ ಚೆಂಡು ನಮ್ಮ ಕರ್ನಾಟಕದ ಮಯಂಕ್ ಅಗರ್ವಾಲ್ ಅವರ ಹೆಲ್ಮೆಟಿಗೆ ಬಡಿಯಿತು. ಕನ್ಕಷನ್ ಎಂದು ವೈದ್ಯರು ಹೇಳಿದರು, ಅವರನ್ನು ಇಂಗ್ಲೆಂಡ್ ವಿರುದ್ಧದ ಸರಣಿಯ ಮೊದಲ ಟೆಸ್ಟಿನಿಂದ ಹೊರಗಿಟ್ಟರು. ಆ ಜಾಗದಲ್ಲಿ ಇನಿಂಗ್ಸ್ ಆರಂಭಿಸಿದವರು ಸುರತ್ಕಲ್‌ನಲ್ಲಿ ಬೆಳೆದ ನಮ್ಮದೇ ಕೆ.ಎಲ್. ರಾಹುಲ್. 84 ರನ್ ಹೊಡೆದರು, ಮುಂದಿನ ಲಾರ್ಡ್ಸ್ ಟೆಸ್ಟಿನಲ್ಲಿ 129. ಮಯಂಕ್‌ಗೆ ಆ ಸರಣಿಯಲ್ಲಿ ಮತ್ತೆ ಅವಕಾಶ ಸಿಗಲಿಲ್ಲ. ಡಿಸೆಂಬರಿನಲ್ಲಿ ಮುಂಬೈಯಲ್ಲಿ 150 ಹೊಡೆದು ಮರಳಿದರು ನಿಜ. ಆದರೆ ಕ್ರಿಕೆಟ್ ಮಂಡಳಿಯ ವೈದ್ಯರು ಬೆನ್ನಿಗಿದ್ದ ಆಟಗಾರನಿಗೇ ಒಂದು ಏಟಿನಿಂದ ಇಷ್ಟು ಹೋಗುವುದಾದರೆ, ಒಂದು ರಾತ್ರಿಯ ಆಟ ನೋಡಿ ಯಾರಾದರೂ ದೊಡ್ಡ ತಂಡಕ್ಕೆ ಕರೆದಾರು ಎಂದು ಕಾಯುವ ಬಂಟ್ವಾಳದ, ಬೆಳ್ತಂಗಡಿಯ ಹುಡುಗ ತಲೆ ತಿರುಗುತ್ತಿದೆ ಎಂದು ಯಾಕೆ ಬಾಯಿ ಬಿಟ್ಟಾನು? 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಆ ಆಸೆ ಕನಸಿನ ಮಾತಾಗಿ ಉಳಿದಿಲ್ಲ, ಕೈಗೆ ಸಿಗುವ ಹಾಗೆ ಹತ್ತಿರ ಬಂದಿದೆ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ, ಅರ್ಜುನ ಪ್ರಶಸ್ತಿ ಪಡೆದದ್ದನ್ನು ಕಣ್ಣಾರೆ ಕಂಡ ನಾಡು ಇದು. ಆಸೆ ದೊಡ್ಡದಾದಷ್ಟೂ ನೋವನ್ನು ಮುಚ್ಚಿಡುವುದೂ ಹೆಚ್ಚುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆಡುವವನು ಬೆಳೆದ ಮನುಷ್ಯ. ಪೆಟ್ಟು ಬೀಳುತ್ತದೆಂದು ಗೊತ್ತಿದ್ದೇ ಚಡ್ಡಿ ಹಾಕಿ ಇಳಿದಿದ್ದಾನೆ. ಅವನ ಮೈ, ಅವನ ನಿರ್ಧಾರ, ನಡುವೆ ನಿಮ್ಮದೇನು? ಈ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಅಪಾಯವಿರುವ ಆಟವನ್ನು ತಿಳಿದು ಆಡುವ ಹಕ್ಕು ಅವನಿಗಿದೆ. ಕಬಡ್ಡಿಯಿಂದ ಹಿಡಿತವನ್ನು ತೆಗೆದರೆ ಉಳಿಯುವುದು ಮುಟ್ಟಾಟ; ಅದು ಯಾರಿಗೂ ಬೇಡ. ಆದರೆ ಅವನ ನಿರ್ಧಾರಕ್ಕೆ ಬೆಲೆ ಕೊಡುವುದಾದರೆ ಅದನ್ನು ಯಾವಾಗ ಕೇಳಬೇಕು? ಪೆಟ್ಟು ಬೀಳುವ ಮೊದಲು, ಬುದ್ಧಿ ತಿಳಿಯಾಗಿರುವಾಗ. ತಂಡದ ಹೆಸರು ನೋಂದಾಯಿಸುವ ಹೊತ್ತಿಗೇ ಕೇಳಿ: ತಲೆಗೆ ಪೆಟ್ಟಾದರೆ ನಿನ್ನನ್ನು ಹೊರಗೆ ಕೂರಿಸುವ ಅಧಿಕಾರವನ್ನು ಬೇರೆಯವರಿಗೆ ಕೊಡುತ್ತೀಯಾ? ಹೆಚ್ಚಿನವರು ಆಗಲಿ ಎನ್ನುತ್ತಾರೆ ಎಂದೇ ನನ್ನ ನಂಬಿಕೆ. ಅವರ ಮನೆಯವರಂತೂ ಖಂಡಿತ. ಪೆಟ್ಟು ಬಿದ್ದ ಮೇಲಿನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯುವುದೇ ತಪ್ಪು. ಕುಡಿದವನ ಹತ್ತಿರ ಜಾಗದ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ನಾವು ಅದನ್ನು ಮೋಸ ಅನ್ನುವುದಿಲ್ಲವೇ?

ಇನ್ನು ಹದಿನಾರು ಹದಿನೇಳರ ಹುಡುಗರ ವಿಷಯದಲ್ಲಿ ಈ ಆಕ್ಷೇಪವೇ ನಿಲ್ಲುವುದಿಲ್ಲ. ಮೊದಲ ಪೆಟ್ಟು ಮಾಗುವ ಮೊದಲೇ ಎರಡನೆಯದು ಬಿದ್ದರೆ ಮಿದುಳು ಥಟ್ಟನೆ ಊದಿಕೊಂಡು ಜೀವಕ್ಕೇ ಅಪಾಯವಾಗುವುದುಂಟು. ಅದು ಅಪರೂಪ, ಆದರೆ ಕಂಡುಬಂದಿರುವುದು ಹೆಚ್ಚಾಗಿ ಎಳೆಯರಲ್ಲೇ. ಹಾಗೆಂದು ಅಪಾಯ ಎಳೆಯರಿಗಷ್ಟೇ ಅಲ್ಲ. ಬೆಂಗಳೂರಿನಲ್ಲಿ 2022ರ ಜುಲೈಯಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮುಖಕ್ಕೆ ಏಟು ತಿಂದು ಕುಸಿದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ. ಇನ್ನೂ ಇಪ್ಪತ್ತಮೂರು. ಪಂದ್ಯದ ಜಾಗದಲ್ಲಿ ತಕ್ಕ ವೈದ್ಯಕೀಯ ಏರ್ಪಾಡು ಇರಲಿಲ್ಲ ಎಂಬುದು ಮನೆಯವರ ದೂರಾಗಿತ್ತು.

ತಲೆಗೆ ಹೊಡೆಯುವುದನ್ನು ನಿಷೇಧಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಬಡ್ಡಿಯ ನಿಯಮದಲ್ಲಿ ಅದು ಈಗಾಗಲೇ ಇದೆ. ಬಾಯಿ ಒತ್ತಿ ಹಿಡಿಯುವಂತಿಲ್ಲ, ಕಾಲಿನಿಂದ ಕತ್ತರಿ ಹಾಕುವಂತಿಲ್ಲ, ಗಾಯವಾಗುವ ಹಾಗೆ ಒರಟಾಗಿ ಹಿಡಿಯುವಂತಿಲ್ಲ. ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಇರಲೇಬೇಕು. ಆದರೆ ನಾನು ನೋಡಿದ ಮಟ್ಟಿಗೆ ತಲೆಯ ಪೆಟ್ಟುಗಳಲ್ಲಿ ಬಹುಪಾಲು ಯಾರ ತಪ್ಪಿನಿಂದಲೂ ಆದದ್ದಲ್ಲ. ಚೈನ್ ಹಿಡಿದ ಇಬ್ಬರು ಒಂದೇ ಕಡೆ ಹಾರಿ ತಮ್ಮತಮ್ಮಲ್ಲೇ ಮಂಡೆ ಕುಟ್ಟಿಕೊಳ್ಳುತ್ತಾರೆ. ಕಾಲು ಹಿಡಿಯಲು ಬಗ್ಗಿದವನ ಹಣೆಗೆ ರೈಡರ್‌ನ ಮೊಣಕಾಲು ತಾಗುತ್ತದೆ. ಬಾಡಿಗೆಗೆ ತಂದ ಮ್ಯಾಟನ್ನು ಗಟ್ಟಿ ನೆಲದ ಮೇಲೆ ಹಾಸಿರುತ್ತಾರೆ, ಬಿದ್ದ ತಲೆಗೆ ನೆಲವೇ ಸಿಗುತ್ತದೆ. ಇಂಥದ್ದಕ್ಕೆಲ್ಲ ಕಾರ್ಡು ಎತ್ತಲಾಗದು. ಕಾಲ್ಚೆಂಡಿನಲ್ಲೂ ಹಾಗೆಯೇ: ಗ್ಲಾಸ್ಗೋದ ಸಂಶೋಧಕರು 2019ರಲ್ಲಿ ಸ್ಕಾಟ್ಲೆಂಡಿನ 7676 ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿದಾಗ, ಮಿದುಳು ಸವೆಯುವ ಕಾಯಿಲೆಗಳಿಂದ ಅವರು ಸಾಯುವ ಸಂಭವ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ಚೆಂಡಿಗೆ ತಲೆ ಕೊಡುವುದು ಅಲ್ಲಿ ತಪ್ಪೇನಲ್ಲ, ಆಟದ ಚೆಲುವು. ಆದ್ದರಿಂದಲೇ ಸ್ಕಾಟ್ಲೆಂಡಿನವರು ಚಿಕ್ಕ ಮಕ್ಕಳ ತರಬೇತಿಯಿಂದ ಅದನ್ನು ತೆಗೆದುಹಾಕಿದರು. ದಂಡ ಹಾಕುವ ನಿಯಮ ಒಂದು, ಕಾಯುವ ನಿಯಮ ಇನ್ನೊಂದು. ನಮ್ಮಲ್ಲಿ ಮೊದಲನೆಯದಿದೆ, ಎರಡನೆಯದು ಬೇಕಾಗಿದೆ.

ಕಬಡ್ಡಿಗೆ ಈ ಎರಡನೆಯದು ಬೇರೆ ಆಟಗಳಿಗಿಂತ ಸುಲಭ ಎಂಬುದು ನನಗೆ ಹೊಳೆದದ್ದು ತಡವಾಗಿ. ಕಾಲ್ಚೆಂಡಿನಲ್ಲಿ ಒಮ್ಮೆ ಬದಲಾಯಿಸಿದವನು ಮರಳುವಂತಿಲ್ಲ, ಅದಕ್ಕೇ ತಂಡಗಳು ಅನುಮಾನವಿದ್ದರೂ ಆಟಗಾರನನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅದನ್ನು ನೀಗಿಸಲು ಅವರು 2021ರಿಂದ ಕನ್ಕಷನ್‌ಗೆಂದೇ ಹೆಚ್ಚುವರಿ ಬದಲಿ ಆಟಗಾರನ ಪ್ರಯೋಗ ಮಾಡಬೇಕಾಯಿತು. ಟೆಸ್ಟ್ ಕ್ರಿಕೆಟಿನಲ್ಲಿ ಬದಲಿ ಆಟಗಾರ ಬ್ಯಾಟ್ ಹಿಡಿಯಲು 2019ರ ತನಕ ಕಾಯಬೇಕಾಯಿತು. ನಮ್ಮ ಆಟದಲ್ಲಿ ಐವರು ಬದಲಿಗಳು ಹೊರಗೆ ಕಾದು ಕೂತಿರುತ್ತಾರೆ. ಒಮ್ಮೆ ಬದಲಾಯಿಸಿದವನನ್ನು ಮತ್ತೆ ಇಳಿಸಲೂ ಬರುತ್ತದೆ. ಇನ್ನೂ ದೊಡ್ಡದೊಂದು ಅನುಕೂಲವಿದೆ. ಹಿಡಿಸಿಕೊಂಡು ಬಿದ್ದ ರೈಡರ್ ಔಟಾಗಿ ಅಂಕಣದ ಹಿಂದೆ ಕೂರಲೇಬೇಕು. ಆಟ ತಾನಾಗಿಯೇ ಅವನನ್ನು ನಮ್ಮ ಕೈಗೆ ಕೆಲವು ನಿಮಿಷ ಒಪ್ಪಿಸುತ್ತದೆ. ರಗ್ಬಿಯವರು ತಲೆ ಪರೀಕ್ಷಿಸಲೆಂದೇ ಆಟಗಾರನನ್ನು ಹನ್ನೆರಡು ನಿಮಿಷ ಹೊರಗಿಡುವ ನಿಯಮ ಮಾಡಿಕೊಂಡಿದ್ದಾರೆ. ನಮಗೆ ಪುಕ್ಕಟೆ ಸಿಗುವ ನಿಮಿಷಗಳಲ್ಲಿ ಅವನನ್ನು ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣೂ ಮುಂದಿನ ರೈಡಿನ ಮೇಲೆ.

ಆ ರಾತ್ರಿ ನಮ್ಮ ಹುಡುಗ ಕೂತದ್ದೂ ಅಲ್ಲೇ. ಪಕ್ಕದಲ್ಲಿ ಒಬ್ಬರು ಕೂತು, ಇದು ಯಾವ ಊರಿನ ಮೈದಾನ, ಎದುರಾಳಿ ಯಾರು, ಈಗ ನಡೆಯುತ್ತಿರುವುದು ಮೊದಲರ್ಧವೋ ಎರಡನೆಯದೋ ಎಂದು ಕೇಳಿದ್ದರೆ, ಎಬ್ಬಿಸಿ ಒಂದು ಗೆರೆಯ ಮೇಲೆ ನಡೆಸಿ ನೋಡಿದ್ದರೆ, ಸಾಕಿತ್ತು. ಇದಕ್ಕೆ ನಿಮ್ಹಾನ್ಸಿನಿಂದ ತಜ್ಞರು ಬರಬೇಕಿಲ್ಲ. ಪ್ರತಿ ಪಂದ್ಯಾಟಕ್ಕೂ ಡಾಕ್ಟರರು ಸಿಗುತ್ತಾರೆ ಎಂದು ಹೇಳಿ ಯುವಕ ಮಂಡಲಗಳ ಮೇಲೆ ಆಗದ ಭಾರ ಹೊರಿಸಲಾರೆ. ಎರಡೂ ತಂಡಕ್ಕೆ ಸೇರದ ಒಬ್ಬ ಪಿ.ಟಿ. ಮಾಸ್ಟ್ರು, ಒಬ್ಬ ನರ್ಸ್, ಒಂದು ದಿನದ ತರಬೇತಿ ಪಡೆದ ಒಬ್ಬ ಹಿರಿಯ ಆಟಗಾರ ಸಾಕು. ಅವರ ಕೆಲಸ ರೋಗ ಗುರುತಿಸುವುದಲ್ಲ. ಅನುಮಾನ ಬಂದರೆ ಇವತ್ತಿಗೆ ನಿನ್ನ ಆಟ ಮುಗಿಯಿತು ಎಂದು ಹೇಳುವುದು. ಆ ಮಾತನ್ನು ಕ್ಯಾಪ್ಟನ್ನೂ ರೆಫ್ರಿಯೂ ಮೈಕಿನವರೂ ಮೀರದಂತೆ ಪಂದ್ಯಾಟದ ನಿಯಮದಲ್ಲೇ ಬರೆದಿರಬೇಕು. ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ತಡೆಯಲಾಗದ ನಿದ್ದೆ ಕಂಡರೆ ನೇರ ಆಸ್ಪತ್ರೆಗೆ ಕಳಿಸಲು ಒಂದು ವಾಹನ ಮೈದಾನದಲ್ಲೇ ನಿಂತಿರಬೇಕು, ಚಾಲಕನ ಸಮೇತ. ಸೌಂಡಿಗೂ ಲೈಟಿಗೂ ಸನ್ಮಾನದ ಹಾರಕ್ಕೂ ಆಗುವ ಖರ್ಚಿನ ಮುಂದೆ ಇದು ಯಾವ ಲೆಕ್ಕ?

ಮಳೆ ಬಿಟ್ಟ ಮೇಲೆ ಪಂದ್ಯಾಟಗಳು ಮತ್ತೆ ಶುರುವಾಗುತ್ತವೆ. ನಮ್ಮ ಕಡೆಯ ಸಂಘದ ಸಭೆ ಸೇರುವುದು ಅದಕ್ಕೂ ಮೊದಲು. ಆಮಂತ್ರಣ ಪತ್ರದ ಕೆಳಗೆ, ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಸಾಲಿನ ಪಕ್ಕದಲ್ಲಿ, ಇನ್ನೊಂದು ಸಾಲು ಸೇರಿಸಬೇಕೆಂದು ಬರೆದುಕೊಟ್ಟಿದ್ದೇನೆ: ತಲೆಗೆ ಪೆಟ್ಟಾದ ಆಟಗಾರ ಆ ದಿನ ಮತ್ತೆ ಆಡುವಂತಿಲ್ಲ. ಆ ಕ್ಯಾಪ್ಟನ್ ಈಗ ಸಂಘದ ಕಾರ್ಯದರ್ಶಿ. ಓದಿ, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಆ ಹುಡುಗನನ್ನೂ ಸಭೆಗೆ ಕರೆಯುತ್ತೇನೆ ಎಂದ.