ಜಗಳದ ಯಂತ್ರ ಕಟ್ಟಿದ್ದು ಸಾಕು

2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿ ಎಂಬ ಊರಿನಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅವರೂ ಅವರ ಗೆಳೆಯರೂ ಮಾಡಿದ್ದೆಂದರೆ ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹಾರಿ, ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಇದಾಗಿ ಒಂದು ವಾರಕ್ಕೆ ವಾಟ್ಸ್‌ಆ್ಯಪ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಇನ್ನು ಮೇಲೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡಲು ಬರುವುದಿಲ್ಲ.

ಆ ಮಿತಿಯನ್ನು ಮೊದಲೇ ಹಾಕಬಹುದಿತ್ತು. ಅದಕ್ಕೆ ಹೊಸ ಸಂಶೋಧನೆಯೇನೂ ಬೇಕಿರಲಿಲ್ಲ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ ಕೇಂದ್ರ ಸರ್ಕಾರ ತುರ್ತಾಗಿ ಮಾಡಿದ್ದೂ ಇದನ್ನೇ, ಸಾಮೂಹಿಕ ಸಂದೇಶಗಳಿಗೆ ಮಿತಿ ಹಾಕಿತು. ನಮ್ಮದೇ ರಾಜಧಾನಿಯ ರೈಲು ನಿಲ್ದಾಣದಲ್ಲಿ ಕಣ್ಣಾರೆ ಕಂಡ ಸಂಗತಿ, ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ ಒಬ್ಬರ ಜೀವ ಹೋಗುವವರೆಗೆ ಯಾರ ವಿನ್ಯಾಸದ ಕಡತಕ್ಕೂ ಸೇರಲಿಲ್ಲ.

ಹಾಗಾಗಿ ‘ಜನರೇ ಹಾಗೆ, ಆ್ಯಪ್ ಏನು ಮಾಡೀತು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಟನ್ ಎಲ್ಲಿರಬೇಕು, ಯಾವ ಮಾತು ಮೇಲೆ ತೇಲಬೇಕು, ಯಾವುದು ಮುಳುಗಬೇಕು ಎಂಬುದನ್ನು ಯಾರೋ ಒಂದು ಕೋಣೆಯಲ್ಲಿ ಕೂತು ತೀರ್ಮಾನಿಸಿರುತ್ತಾರೆ. ಫೇಸ್‌ಬುಕ್ 2017ರಿಂದ ಕೋಪದ ಮುಖವೂ ಸೇರಿದಂತೆ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು 2021ರಲ್ಲಿ ಹೊರಬಿದ್ದ ಅದರ ಆಂತರಿಕ ಕಡತಗಳಿಂದ ಲೋಕಕ್ಕೆ ತಿಳಿಯಿತು. ಕೋಪದ ತೂಕವನ್ನು ಅವರು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಆ ಮೂರು ವರ್ಷ ಅಣ್ಣತಮ್ಮಂದಿರು ಮಾತು ಬಿಟ್ಟರು, ಊರಿನ ಗುಂಪುಗಳು ಒಡೆದವು, ಮತ್ತು ಪ್ರತಿಯೊಬ್ಬರೂ ತಮ್ಮ ಎದುರಿಗಿನವರ ಬುದ್ಧಿಯೇ ಕೆಟ್ಟಿದೆ ಎಂದು ನಂಬಿದರು. ತಕ್ಕಡಿಗೆ ಕೈಯಿಟ್ಟವರು ಬೇರೆಲ್ಲೋ ಇದ್ದರು.

ಈ ಕರೆ ಮೊದಲು ನಿಮಗೆ, ಮಾನ್ಯತಾದಲ್ಲೋ ಬೆಳ್ಳಂದೂರಿನಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೂತು ಕೋಡ್ ಬರೆಯುವ ಗೆಳೆಯ ಗೆಳತಿಯರಿಗೆ. ಜಗತ್ತು ಮಾತಾಡುವ ಸಾಧನಗಳ ಎಷ್ಟೋ ಭಾಗ ನಿಮ್ಮ ಕೈಯಲ್ಲಿ ತಯಾರಾಗುತ್ತದೆ. ಬೇರೆ ದಾರಿ ಇಲ್ಲ ಎಂದು ಮಾತ್ರ ಹೇಳಬೇಡಿ. ಇದೆ. ತೈವಾನಿನ ಜನ ಅದರಲ್ಲಿ ಸ್ವಲ್ಪ ದೂರ ನಡೆದೂ ತೋರಿಸಿದ್ದಾರೆ.

2014ರ ಮಾರ್ಚ್‌ನಲ್ಲಿ ತೈಪೆಯ ವಿದ್ಯಾರ್ಥಿಗಳು ಚೀನಾ ಜೊತೆಗಿನ ಸೇವಾ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ಸಂಸತ್ತಿನ ಒಳಗೇ ಕೂತುಬಿಟ್ಟರು. ಆ ಚಳವಳಿ ಮುಗಿದ ಮೇಲೆ, ಗವ್‌ಝೀರೋ ಎಂಬ ಹೆಸರಿನಲ್ಲಿ ಸೇರುತ್ತಿದ್ದ ಸ್ವಯಂಸೇವಕ ಪ್ರೋಗ್ರಾಮರ್‌ಗಳ ಬಳಿಗೆ ಸರ್ಕಾರದ ಸಚಿವೆಯೊಬ್ಬರೇ ಬಂದು, ಕಾನೂನು ಮಾಡುವ ಮುಂಚೆ ಜನ ಚರ್ಚಿಸುವ ಒಂದು ವೇದಿಕೆ ಕಟ್ಟಿಕೊಡಿ ಎಂದು ಕೇಳಿದರು. ಹಾಗೆ ಹುಟ್ಟಿದ್ದು ವಿತೈವಾನ್. ಅವರು ಬಳಸಿದ ಸಾಧನ ಅಮೆರಿಕದ ಸಿಯಾಟಲ್‌ನಲ್ಲಿ ತಯಾರಾದ ಪೋಲಿಸ್ ಎಂಬ ತಂತ್ರಾಂಶ. ಅದರಲ್ಲಿ ನೀವು ಒಂದೆರಡು ವಾಕ್ಯದಲ್ಲಿ ನಿಮ್ಮ ಅಭಿಪ್ರಾಯ ಬರೆಯುತ್ತೀರಿ. ಉಳಿದವರು ಅದಕ್ಕೆ ಒಪ್ಪಿಗೆ, ಒಪ್ಪಿಗೆಯಿಲ್ಲ, ಮುಂದೆ ಹೋಗು ಎಂದು ಗುರುತು ಹಾಕುತ್ತಾರೆ. ಅಷ್ಟೇ. ಯಾರ ಮಾತಿನ ಕೆಳಗೂ ಮರುಮಾತು ಬರೆಯಲು ಜಾಗವೇ ಇಲ್ಲ. ಬೈಯಬೇಕೆಂದರೆ ಎಲ್ಲಿ ಬೈಯುವುದು? ಒಪ್ಪದವರು ತಮ್ಮದೇ ಇನ್ನೊಂದು ಅಭಿಪ್ರಾಯವನ್ನು ಬರೆದು ಎಲ್ಲರ ಮುಂದಿಡಬೇಕು. ಗಣಿತ ಅದರ ಹಿಂದೆ ಕೆಲಸ ಮಾಡುತ್ತದೆ: ಒಂದೇ ಬಗೆಯಾಗಿ ಗುರುತು ಹಾಕಿದವರನ್ನು ಒಂದು ಗುಂಪಾಗಿ ಜೋಡಿಸಿ ನಕ್ಷೆ ಬರೆಯುತ್ತದೆ, ಆಮೇಲೆ ಎದುರುಬದುರಾದ ಗುಂಪುಗಳೆರಡೂ ಒಪ್ಪಿದ ಮಾತುಗಳನ್ನು ಹುಡುಕಿ ಮೇಲೆ ತರುತ್ತದೆ.

2015ರಲ್ಲಿ ಊಬರ್ ವಿಚಾರ ಈ ವೇದಿಕೆಗೆ ಬಂದಾಗ ತೈಪೆಯ ಟ್ಯಾಕ್ಸಿ ಚಾಲಕರು ಕೆರಳಿದ್ದರು, ಪ್ರಯಾಣಿಕರು ಊಬರ್ ಪರವಾಗಿದ್ದರು. ನಕ್ಷೆಯಲ್ಲೂ ಎರಡು ಗುಂಪು ಎದ್ದು ಕಂಡವು. ಆದರೆ ತಮ್ಮ ಮಾತಿಗೆ ಎದುರು ಗುಂಪಿನ ಒಪ್ಪಿಗೆಯೂ ಬೇಕೆಂದು ತಿಳಿದಾಗ ಜನ ಬರೆಯುವ ರೀತಿ ಬದಲಾಯಿತು. ವಾರಗಳು ಕಳೆದಂತೆ ಪ್ರಯಾಣಿಕರ ಸುರಕ್ಷತೆ, ವಿಮೆ, ಎಲ್ಲರಿಗೂ ಒಂದೇ ನ್ಯಾಯ ಎಂಬ ಮಾತುಗಳಲ್ಲಿ ಎರಡೂ ಕಡೆಯವರು ಸೇರಿದರು. ಆ ಪಟ್ಟಿಯನ್ನು ಹಿಡಿದು ಸರ್ಕಾರ, ಊಬರ್ ಮತ್ತು ಟ್ಯಾಕ್ಸಿ ಸಂಘದವರನ್ನು ನೇರಪ್ರಸಾರದಲ್ಲಿ ಕೂರಿಸಿ ಮಾತಾಡಿಸಲಾಯಿತು, ಮರುವರ್ಷ ನಿಯಮಗಳೂ ಬಂದವು. ಅದೇ ಊರು, ಅದೇ ಜನ, ಅದೇ ಸಿಟ್ಟು. ಬದಲಾಗಿದ್ದು ಮಾತಿನ ಅಂಗಳದ ವಿನ್ಯಾಸ.

ಈ ಪ್ರಯೋಗಕ್ಕೆ ಕೊರತೆಗಳಿದ್ದವು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಜನ ತಲುಪಿದ ತೀರ್ಮಾನವನ್ನು ಸರ್ಕಾರ ಒಪ್ಪಲೇಬೇಕೆಂಬ ಕಟ್ಟು ಇರಲಿಲ್ಲ. ಆಳುವವರ ಉತ್ಸಾಹ ತಗ್ಗಿದಾಗ ವೇದಿಕೆಯೂ ಸೊರಗಿತು. ಆದರೂ ಆ ತತ್ವ ಸಾಯಲಿಲ್ಲ. ಟ್ವಿಟರ್ 2021ರಲ್ಲಿ ಆರಂಭಿಸಿದ, ಈಗ ಕಮ್ಯುನಿಟಿ ನೋಟ್ಸ್ ಎನ್ನುವ ಏರ್ಪಾಡಿನಲ್ಲೂ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದವರು ಕೂಡಿ ಮೆಚ್ಚಿದ ಟಿಪ್ಪಣಿ ಮಾತ್ರ ಎಲ್ಲರಿಗೂ ಕಾಣುತ್ತದೆ.

ವಿಚಾರಕ್ಕೆ ವಿಚಾರ ಬೆಸೆಯುವ ಕನಸಂತೂ ಇನ್ನೂ ಹಳೆಯದು. 1968ರ ಡಿಸೆಂಬರ್‌ನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೌಸ್ ಹಿಡಿದು ತೋರಿಸಿದ್ದೇ ಹಲವರು ಕೂಡಿ ಯೋಚಿಸುವ ಯಂತ್ರವನ್ನು. 1970ರಲ್ಲಿ ಹೋರ್ಸ್ಟ್ ರಿಟಲ್ ಮತ್ತು ವರ್ನರ್ ಕುಂಜ್, ಪ್ರಶ್ನೆ, ನಿಲುವು, ಅದರ ಪರ ವಿರೋಧದ ವಾದ ಎಂದು ಚರ್ಚೆಯನ್ನು ಬಿಡಿಸಿ ಬರೆಯುವ ಕ್ರಮ ಕೊಟ್ಟರು. ಟೆಡ್ ನೆಲ್ಸನ್ ಬರಹಗಳ ನಡುವೆ ಎರಡೂ ಕಡೆಗೆ ಸಾಗುವ ಕೊಂಡಿಗಳನ್ನು ಬಯಸಿದ್ದರು. ವೆಬ್‌ನಲ್ಲಿ ನಮಗೆ ಸಿಕ್ಕಿದ್ದು ಒಂದೇ ಕಡೆ ಸಾಗುವ ಕೊಂಡಿ. ನಿನ್ನೆಯ ಸುಳ್ಳಿಗೆ ಇಂದು ಯಾರೋ ಪುರಾವೆ ಸಹಿತ ಉತ್ತರ ಬರೆದರೆ, ಆ ಸುಳ್ಳನ್ನು ಓದುವವರಿಗೆ ಆ ಉತ್ತರ ಕಾಣುವುದೇ ಇಲ್ಲ. ಅರ್ಧ ಶತಮಾನದ ಹಿಂದೆ ಹೊಳೆದದ್ದನ್ನು ನಾವು ಇವತ್ತಿಗೂ ಜನರ ಕೈಗೆ ಕೊಟ್ಟಿಲ್ಲ.

ಇದರ ಬೆಲೆ ಏನೆಂದು ಮಲೆನಾಡನ್ನು ಕೇಳಿ. ಮಾಧವ ಗಾಡ್ಗೀಳ್ ಸಮಿತಿ ಪಶ್ಚಿಮಘಟ್ಟದ ವರದಿ ಕೊಟ್ಟಿದ್ದು 2011ರಲ್ಲಿ. ಗ್ರಾಮಸಭೆಗಳು ಮಾತಾಡಲಿ, ಕೆಳಗಿನಿಂದ ತೀರ್ಮಾನ ಬರಲಿ ಎಂಬುದು ಅದರ ಜೀವಾಳ. ಅದು ಆಗಲಿಲ್ಲ. 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು, ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು ಬಂದವು. 2024ರ ಜುಲೈ 31ರದ್ದು ಆರನೆಯದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೆ ತಿರಸ್ಕರಿಸಿತು. ಕರಡಿನ ಮುಖ್ಯ ನಿಷೇಧಗಳು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಮೀರಿದ ಕಟ್ಟಡ. ಮೊಬೈಲಿನಲ್ಲಿ ಹರಿದಾಡಿದ್ದು ಮಾತ್ರ ಎರಡೇ ಮಾತು: ‘ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ’, ‘ಇವರು ಕಾಡುಗಳ್ಳರು’. ಅಡಿಕೆ ಬೆಳೆಗಾರನ ಭಯಕ್ಕೆ ಕಾರಣವಿದೆ. ಗುಡ್ಡ ಕುಸಿದು ಮನೆ ಕಳೆದುಕೊಂಡವಳ ಸಿಟ್ಟಿಗೂ ಇದೆ. ‘ನನ್ನ ತೋಟಕ್ಕೆ ಕೈ ಹಾಕಬೇಡಿ, ಆದರೆ ಮೇಲಿನ ಕ್ವಾರಿ ನಿಲ್ಲಿಸಿ’ ಎಂದು ಒಬ್ಬರು ಬರೆದಿದ್ದರೆ ಆಕೆಯೂ ಅವನೂ ಅದಕ್ಕೆ ಒಪ್ಪಿಗೆ ಹಾಕುತ್ತಿದ್ದರೇನೋ. ಆ ಒಂದು ಮಾತನ್ನು ಹುಡುಕಿ ಮೇಲೆತ್ತುವ ಸಾಧನ ನಮ್ಮ ಬಳಿ ಇರಲಿಲ್ಲ, ಈಗಲೂ ಇಲ್ಲ.

ಅದನ್ನು ಕಟ್ಟಿ. ಪೋಲಿಸ್ ಮುಕ್ತ ತಂತ್ರಾಂಶ, ಅದರ ಕೋಡ್ ಯಾರು ಬೇಕಾದರೂ ತೆಗೆದುಕೊಂಡು ಬದಲಾಯಿಸಿಕೊಳ್ಳಬಹುದು. ಆದರೆ ಸಿಯಾಟಲ್‌ನ ವಿನ್ಯಾಸವನ್ನು ಕನ್ನಡ ಅಕ್ಷರಕ್ಕೆ ಇಳಿಸಿ ಕೈ ತೊಳೆದುಕೊಳ್ಳಬೇಡಿ. ಮೂಡಿಗೆರೆಯ ಕೂಲಿ ಹೆಂಗಸು ಟೈಪ್ ಮಾಡುವುದಿಲ್ಲ, ಮಾತಾಡುತ್ತಾಳೆ, ಆಕೆಯ ದನಿಯೇ ಅಭಿಪ್ರಾಯವಾಗಿ ದಾಖಲಾಗಬೇಕು. ತುಳು, ಕೊಡವ, ಕೊಂಕಣಿಯಲ್ಲಿ ಹೇಳಿದ್ದು ಕನ್ನಡದವರಿಗೆ ತಲುಪಬೇಕು. ಸಿಗ್ನಲ್ ಸಿಗಲು ಗುಡ್ಡ ಹತ್ತುವ ಊರುಗಳಿಗೆ ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ದಾರಿ ಬೇಕು. ನಕ್ಷೆಯಲ್ಲಿ ಎಷ್ಟು ಜನ ಬಂದರು ಎಂಬುದರ ಜೊತೆಗೆ ಯಾರು ಬರಲಿಲ್ಲ ಎಂಬುದೂ ಎದ್ದು ಕಾಣಬೇಕು. ಮಲೆಕುಡಿಯರ, ಹಸಲರ ಒಂದು ದನಿಯೂ ಇಲ್ಲದ ಒಮ್ಮತವನ್ನು ಒಮ್ಮತವೆಂದು ತೋರಿಸುವ ಪರದೆ ಬೇಡ. ನಕಲಿ ಖಾತೆಗಳ ಹಿಂಡನ್ನು ತಡೆಯುವ ಕಷ್ಟದ ಕೆಲಸವೂ ನಿಮ್ಮದೇ. ವಾದಕ್ಕೆ ಬಂದ ಉತ್ತರ ಆ ವಾದದ ಪಕ್ಕದಲ್ಲೇ ಕಾಣಲಿ, ಹತ್ತು ವರ್ಷ ಕಳೆದರೂ ಕಾಣಲಿ.

ಕನ್ನಡದ ಸಂಪಾದಕರಿಗೂ ಒಂದು ಕೋರಿಕೆ: ಇಬ್ಬರನ್ನು ಎದುರು ಬದುರು ಕೂರಿಸಿ ಕಿರುಚಾಡಿಸುವ ರಾತ್ರಿಯ ಚರ್ಚೆಗೆ ಹಾಕುವ ಹಣದ ಒಂದು ಪಾಲನ್ನು ಇದಕ್ಕೆ ಕೊಡಿ. ಸರ್ಕಾರ ಮಾಡಬೇಕಾದದ್ದು ಇಷ್ಟು: ಮುಂದಿನ ಬಾರಿ ಪಶ್ಚಿಮಘಟ್ಟದ ಕಡತ ಸಂಪುಟದ ಮುಂದೆ ಹೋಗುವ ಮುನ್ನ ಕರಡಿನ ಪೂರ್ತಿ ಪಾಠ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಲಿ, ಇಂಥ ಒಂದು ವೇದಿಕೆಯಲ್ಲಿ ಮೂರು ತಿಂಗಳು ಚರ್ಚೆ ನಡೆಯಲಿ, ಎರಡೂ ಗುಂಪುಗಳು ಒಪ್ಪಿದ ಪ್ರತಿ ಮಾತಿಗೂ ಒಪ್ಪುತ್ತೇವೆ ಅಥವಾ ಒಪ್ಪುವುದಿಲ್ಲ, ಕಾರಣ ಇದು ಎಂದು ಸರ್ಕಾರ ಲಿಖಿತ ಉತ್ತರ ಕೊಡಲಿ. ಎಂಜಿನಿಯರ್ ಗೆಳೆಯರೇ, ಅವರ ಒಪ್ಪಿಗೆ ಬರುವವರೆಗೆ ಕಾಯಬೇಡಿ. ತೈವಾನಿನ ಪ್ರೋಗ್ರಾಮರ್‌ಗಳೂ ಸಚಿವರು ಬಾಗಿಲಿಗೆ ಬರುವ ಎರಡು ವರ್ಷ ಮೊದಲೇ ಸ್ವಂತ ಬಿಡುವಿನ ವೇಳೆಯಲ್ಲಿ ಕೆಲಸ ಶುರು ಮಾಡಿದ್ದರು. ನಿಮ್ಮ ಊರಿನ ಒಂದು ಪಂಚಾಯಿತಿ, ಒಂದು ಕೆರೆ, ಒಂದು ರಸ್ತೆಯ ತಕರಾರು ಆಯ್ದುಕೊಂಡು ಈ ಶನಿವಾರವೇ ಆರಂಭಿಸಿ.